ಅತ್ತೆಗೆ ಬೆನ್ನಿನ ಎಂಆರ್‌ಐ ಬರ್ದಿದಾರೆ, ತಾಳಿ ತೆಗೀಲೇಬೇಕಾ? ಒಳಗೆ ಏನೇನು ಮಾಡ್ತಾರೆ ಗೊತ್ತಿರೋರು ಹೇಳಿ

ಸಾಗರದ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ 63 ವರ್ಷ. ಮೂರು ತಿಂಗಳಿಂದ ಸೊಂಟ ನೋವು, ಈಗ ಅದು ಎಡಗಾಲಿಗೆ ಇಳಿದು ಮೊಣಕಾಲಿನ ಹೊರಭಾಗದಿಂದ ಹೆಬ್ಬೆರಳ ತನಕ ಜೋಮು ಹಿಡಿಯತ್ತೆ ಅಂತಾರೆ, ಒಲೆ ಮುಂದೆ ಹತ್ತು ನಿಮಿಷ ನಿಂತ್ರೆ ಮತ್ತೆ ಕೂರಲೇಬೇಕು. ಮೂಳೆ ಡಾಕ್ಟ್ರು ಎಕ್ಸ್‌ರೇ ನೋಡಿ ಇದ್ರಲ್ಲಿ ನರ ಕಾಣಲ್ಲ, ಎಂಆರ್‌ಐ ಮಾಡಿಸ್ಕೊಂಡು ಬನ್ನಿ ಅಂತ ಚೀಟಿ ಬರ್ಕೊಟ್ರು. ಶುಕ್ರವಾರ ಶಿವಮೊಗ್ಗದಲ್ಲಿ ಟೈಮ್ ಕೊಟ್ಟಿದಾರೆ.

ಅತ್ತೆ ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ. ಯಾರೋ ಪಕ್ಕದ ಮನೆಯವರು ಅದು ಗುಹೆ ತರ ಇರತ್ತೆ, ಒಳಗೆ ತಳ್ಳಿ ಬಾಗಿಲು ಹಾಕ್ತಾರೆ, ತಾಳಿ ಬಿಚ್ಚಿಸ್ತಾರೆ ಅಂತೆಲ್ಲ ಹೇಳಿಬಿಟ್ಟಿದಾರೆ. ಮಾವ ಗಟ್ಟಿಯಾಗಿದಾರೆ ದೇವರ ದಯೆಯಿಂದ, ಆದ್ರೂ ತಾಳಿ ತೆಗೀಬೇಕು ಅಂದ ತಕ್ಷಣ ಅತ್ತೆ ಕಣ್ಣಲ್ಲಿ ನೀರು. ಇನ್ನೊಂದು, ಅವರಿಗೆ ನಾಲ್ಕು ವರ್ಷದ ಹಿಂದೆ ಬಲಮಂಡಿ ಆಪರೇಷನ್ ಆಗಿದೆ, ಒಳಗೆ ಲೋಹದ ಕೀಲು ಹಾಕಿದಾರೆ. ಅದು ಮೆಷಿನ್ನಿಗೆ ಎಳ್ಕೊಳತ್ತಾ? ಬಿಪಿ ಮಾತ್ರೆ ಬೆಳಿಗ್ಗೆ ಕೊಡಬಹುದಾ, ಖಾಲಿ ಹೊಟ್ಟೆನಾ? ನಾನು ಜೊತೆಗೆ ಒಳಗೆ ಇರಬಹುದಾ? ಫೋನ್ ಮಾಡಿ ಕೇಳಿದ್ರೆ ಬನ್ನಿ ಮೇಡಂ ಬಂದ್ಮೇಲೆ ಹೇಳ್ತೀವಿ ಅಂತಾರೆ ಅಷ್ಟೆ.

ಎಕ್ಸ್‌ರೇ ರೂಮ್ ಮೈಸೂರು:

ಅಕ್ಕ, ನಾನು 14 ವರ್ಷದಿಂದ ಸ್ಕ್ಯಾನಿಂಗ್ ಟೆಕ್ನಿಷಿಯನ್ ಆಗಿ ಕೆಲ್ಸ ಮಾಡ್ತಿದೀನಿ, ಡಾಕ್ಟರ್ ಅಲ್ಲ, ಆದ್ರೆ ಟೇಬಲ್ ಮೇಲೆ ಮಲಗಿಸೋದು ನಾವೇ, ಹಾಗಾಗಿ ಒಳಗೆ ಆಗೋದನ್ನ ಪೂರ್ತಿ ಹೇಳ್ತೀನಿ. ಸ್ವಲ್ಪ ಉದ್ದ ಆಗತ್ತೆ, ಅತ್ತೆಗೆ ಓದಿ ಹೇಳಿ.

ಮೊದಲು ಬಾಗಿಲ ವಿಷಯ. ಮೆಷಿನ್ ಅನ್ನೋದು ದೊಡ್ಡ ಉಂಗುರ ಇದ್ದಂಗೆ, ಎರಡೂ ಕಡೆ ಬಾಯಿ ತೆರೆದಿರತ್ತೆ, ಅದಕ್ಕೆ ಮುಚ್ಚಳ ಬಾಗಿಲು ಏನೂ ಇಲ್ಲ. ಬಾಗಿಲು ಇರೋದು ರೂಮಿಗೆ. ಅವರು ಹಾಕೋದೂ ಅದನ್ನೇ, ಯಾಕಂದ್ರೆ ಹೊರಗಿನ ರೇಡಿಯೋ ಅಲೆ ಒಳಗೆ ಬಂದ್ರೆ ಚಿತ್ರ ಕೆಡತ್ತೆ. ಒಳಗೆ ಲೈಟ್ ಇರತ್ತೆ, ಗಾಳಿ ಬರ್ತಿರತ್ತೆ, ಗಾಜಿನ ಆಚೆ ಕೂತು ನಾವು ನೋಡ್ತಾನೇ ಇರ್ತೀವಿ. ಕೈಗೆ ರಬ್ಬರ್ ಬಲ್ಬ್ ಒಂದು ಕೊಡ್ತೀವಿ, ಅದನ್ನ ಹಿಸುಕಿದ್ರೆ ನಮ್ಮ ಕಡೆ ಬೆಲ್ ಹೊಡ್ಕೊಳತ್ತೆ, ನಾವು ಮೈಕಲ್ಲಿ ಏನಮ್ಮ ಅಂತ ಕೇಳ್ತೀವಿ, ಬೇಕಂದ್ರೆ ಟೇಬಲ್ ಹೊರಗೆ ಎಳೀತೀವಿ.

ಇದ್ರಲ್ಲಿ ಎಕ್ಸ್‌ರೇ ಕಿರಣ ಇಲ್ಲ. ದೊಡ್ಡ ಅಯಸ್ಕಾಂತ. ನಮ್ಮ ಮೈಯಲ್ಲಿರೋ ನೀರು ಕೊಬ್ಬಿನಲ್ಲಿ ಹೈಡ್ರೋಜನ್ ಇದ್ಯಲ್ಲ, ಅಯಸ್ಕಾಂತದೊಳಗೆ ಅದು ಒಂದು ದಿಕ್ಕಿಗೆ ಹೊಂದ್ಕೊಳತ್ತೆ, ಆಮೇಲೆ ರೇಡಿಯೋ ಅಲೆ ಕಳಿಸಿ ಅದನ್ನ ಅಲ್ಲಾಡಿಸಿದ್ರೆ ವಾಪಸ್ ಸಿಗ್ನಲ್ ಕೊಡತ್ತೆ, ಕಂಪ್ಯೂಟರ್ ಅದ್ರಿಂದ ಚಿತ್ರ ಕಟ್ಟತ್ತೆ. ಡಿಸ್ಕು (ಬೆನ್ನು ಮೂಳೆಗಳ ಮಧ್ಯದ ಮೆತ್ತೆ), ನರ, ಮಜ್ಜೆ ಎಲ್ಲ ನೀರಿರೋ ಭಾಗಗಳಾದ್ರಿಂದ ಎಕ್ಸ್‌ರೇಲಿ ಕಾಣದೇ ಇರೋದು ಇದ್ರಲ್ಲಿ ಚೆನ್ನಾಗಿ ಕಾಣತ್ತೆ. ಶಬ್ದ ಮಾತ್ರ ಜೋರು, ಟಕಟಕಟಕ ಅಂತ ಕಬ್ಬಿಣ ಬಡಿದಂಗೆ, ಮಧ್ಯೆ ನಿಂತು ಮತ್ತೆ ಬೇರೆ ತರ ಗುಂಯ್ ಅಂತ ಶುರುವಾಗತ್ತೆ. ಶಬ್ದ ಬಂತು ಅಂದ್ರೆ ಏನೋ ಕೆಟ್ಟೋಯ್ತು ಅಂತ ಅಲ್ಲ, ಒಳಗಿನ ಕಾಯಿಲ್‌ಗಳು, ಅಂದ್ರೆ ತಂತಿ ಸುರುಳಿಗಳು, ಕೆಲಸ ಮಾಡೋ ಸದ್ದೇ ಅದು. ಕಿವಿಗೆ ಹತ್ತಿನೋ ಹೆಡ್‌ಫೋನೋ ಕೊಡ್ತಾರೆ, ಕೊಡದಿದ್ರೆ ಕೇಳಿ ಇಸ್ಕೊಳಿ, ಅದು ನಿಮ್ಮ ಹಕ್ಕು.

ಸೊಂಟದ್ದಾದ್ರೆ ಸಾಮಾನ್ಯವಾಗಿ 20 ರಿಂದ 30 ನಿಮಿಷ. ಇಂಜೆಕ್ಷನ್ ಬೇಕು ಅಂತ ಬರ್ದಿಲ್ಲ ಅಂದ್ರೆ ಯಾವ ಸೂಜಿನೂ ಇಲ್ಲ, ಬೆನ್ನಿಗಂತೂ ಚುಚ್ಚಲ್ಲ. ಬರೀ ಸೊಂಟಕ್ಕೆ ಖಾಲಿ ಹೊಟ್ಟೆನೂ ಬೇಡ, ತಿಂಡಿ ತಿನ್ಸಿ, ಬಿಪಿ ಮಾತ್ರೆ ಎಂದಿನಂತೆ ಕೊಡಿ. ಹೋಗೋಕೆ ಮುಂಚೆ ಮೂತ್ರಕ್ಕೆ ಹೋಗಿಸಿ, ಇದನ್ನ ಎಲ್ಲರೂ ಮರೀತಾರೆ, ಅರ್ಧದಲ್ಲಿ ಎದ್ರೆ ಮತ್ತೆ ಮೊದಲಿಂದ.

ಮಂಡಿ ಕೀಲಿನ ಬಗ್ಗೆ ಹೆದರಬೇಡಿ. ಈಗಿನ ಕೀಲುಗಳು ಟೈಟಾನಿಯಂ, ಕೋಬಾಲ್ಟ್ ಕ್ರೋಮ್ ಇಂಥದ್ರಲ್ಲಿ ಮಾಡಿರ್ತಾರೆ, ಮೂಳೆಗೆ ಗಟ್ಟಿಯಾಗಿ ಕೂತಿರತ್ತೆ, ಎಳ್ಕೊಳಲ್ಲ, ಮಂಡಿ ಸೊಂಟದಿಂದ ದೂರ ಇರೋದ್ರಿಂದ ಚಿತ್ರನೂ ಕೆಡಲ್ಲ. ಆದ್ರೆ ಹೇಳದೇ ಇರಬೇಡಿ. ಆಪರೇಷನ್ ಆದಾಗಿನ ಡಿಸ್ಚಾರ್ಜ್ ಕಾಗದ ಮನೇಲಿದ್ರೆ ತಗೊಂಡು ಹೋಗಿ, ಇಂಪ್ಲಾಂಟ್ ಸ್ಟಿಕ್ಕರ್ ಅಂಟಿಸಿರ್ತಾರೆ ಅದ್ರಲ್ಲಿ.

ನೀವು ಜೊತೆಗಿರಬಹುದು, ಸುಮಾರು ಕಡೆ ಬಿಡ್ತಾರೆ, ಆದ್ರೆ ನಿಮ್ಮ ಮೈಮೇಲೂ ಲೋಹ ಇರಬಾರದು, ನೀವು ಗರ್ಭಿಣಿ ಆಗಿದ್ರೆ ಮೊದಲೇ ಹೇಳಿ. ಇದೊಂದು ನಾನು ಎಲ್ಲರಿಗೂ ಒತ್ತಿ ಹೇಳೋದು, ದಯವಿಟ್ಟು ಕೇಳಿ: ಸ್ಕ್ಯಾನ್ ನಡೀಲಿ ಬಿಡಲಿ ಆ ಅಯಸ್ಕಾಂತ 24 ಗಂಟೆನೂ ಆನ್ ಇರತ್ತೆ. ಅದರ ಶಕ್ತಿ ಅಳೆಯೋದು ಟೆಸ್ಲಾ ಲೆಕ್ಕದಲ್ಲಿ, 1.5 ಟೆಸ್ಲಾ ಅಂದ್ರೆ ಭೂಮಿಯ ಕಾಂತಶಕ್ತಿಗಿಂತ ಹೆಚ್ಚುಕಮ್ಮಿ 30,000 ಪಟ್ಟು. 2018ರಲ್ಲಿ ಮುಂಬೈನಲ್ಲಿ ಪೇಷಂಟ್ ಕಡೆಯವರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡ್ಕೊಂಡು ಒಳಗೆ ಹೋಗಿ ಮೆಷಿನ್ನಿಗೆ ಎಳೆದು ತೀರಿಹೋದ್ರು. ಬಾಗಿಲಲ್ಲಿ ನಾವು ಕಿರಿಕಿರಿ ಮಾಡೋದು ಇದಕ್ಕೇ. ಸೀರೆಗೆ ಹಾಕಿರೋ ಪಿನ್ನು, ಬ್ಲೌಸ್ ಹುಕ್ಕು, ಹೇರ್‌ಪಿನ್ನು, ಗಂಡಸ್ರ ಉಡಿದಾರ, ತೋಳಿನ ತಾಯತ, ಜೇಬಲ್ಲಿರೋ ಕೀ, ಎಟಿಎಂ ಕಾರ್ಡು, ಕಿವಿ ಮೆಷಿನ್, ಬಿಚ್ಚೋ ಹಲ್ಲುಸೆಟ್ಟು. ಸೇಫ್ಟಿಪಿನ್ ಒಂದು ಸೆರಗಿನ ಮಡಿಕೇಲಿ ಉಳ್ಕೊಂಡು ಹಾರಿದ್ದನ್ನ ನಾನೇ ನೋಡಿದೀನಿ, ಅವತ್ತು ಯಾರಿಗೂ ತಾಗಲಿಲ್ಲ ಅಷ್ಟೆ.

ಚಿನ್ನ ಅಯಸ್ಕಾಂತಕ್ಕೆ ಅಂಟಲ್ಲ ನಿಜ. ಆದ್ರೂ ತಾಳಿ ತೆಗೀರಿ ಅನ್ನೋದು ಯಾಕಂದ್ರೆ ಸರದ ಕೊಂಡಿ, ಬೆಸುಗೆ ಯಾವ ಲೋಹದ್ದು ಅಂತ ನಮಗೆ ಗೊತ್ತಾಗಲ್ಲ, ಉದ್ದ ಸರ ರೇಡಿಯೋ ಅಲೆಗೆ ಬಿಸಿಯಾಗಿ ಚರ್ಮ ಸುಡಬಹುದು. ಮನಸ್ಸಿಗೆ ಕಷ್ಟ ಅಂತ ಗೊತ್ತು.

ಧಾರವಾಡದಾಂವ:

ಅಕ್ಕಾರ, ತಾಳಿ ಬಗ್ಗೆ ನಾ ಹೇಳ್ತೀನ್ರಿ. ಹೋದ ವರ್ಷ ನಮ್ಮವ್ವಗ ತಲಿ ಎಂಆರ್‌ಐ ಮಾಡ್ಸಿದ್ವಿ. ಬಾಗಲದಾಗ ಸಿಸ್ಟರ್ ತಾಳಿ ತಗೀರಿ ಅಂದ್ರು, ಅವ್ವ ಬೆಂಚಿನ ಮ್ಯಾಲ ಕೂತಾಕಿ ಏಳಾಕ ಒಲ್ಲೆ ಅಂದ್ಲು. ಅಪ್ಪ ಬಾಜೂ ನಿಂತು ನಾ ಇಲ್ಲೇ ಅದೀನಲ್ಲ ತಗಿ ಅಂದ್ರೂ ಕೇಳ್ಲಿಲ್ಲ. ಹಿಂದಿನ ಪೇಷಂಟ್ ಕಾಯಾಕತ್ತಾರ, ಸಿಸ್ಟರ್ ಮಾರಿ ಗಂಟು ಹಾಕ್ಯಾರ, ನನಗ ಏನ್ ಮಾಡ್ಬೇಕು ತಿಳೀಲಿಲ್ಲ.

ಅಲ್ಲಿ ಕಸಾ ಹೊಡಿಯೋ ಆಯಿ ಒಬ್ರು ಇದ್ರು. ಅವರು ತಮ್ಮ ಚೀಲದಾಗಿಂದ ಒಂದು ಅರಿಷಿಣ ಕೊಂಬು ತಗದ್ರು, ಬಿಳಿ ದಾರಕ್ಕ ಅರಿಷಿಣ ಹಚ್ಚಿ ಅದಕ್ಕ ಕೊಂಬು ಕಟ್ಟಿ, ಮೊದ್ಲ ಇದನ್ನ ಕೊಳ್ಳಾಗ ಕಟ್ಟಿದ್ರು, ಆಮ್ಯಾಲ ತಾಳಿ ತಗಿ ತಂಗಿ ಅಂದ್ರು. ಅವ್ವ ಒಂದ್ ಮಾತ್ ಆಡ್ಲಿಲ್ರಿ, ತಗದು ಅಪ್ಪನ ಕೈಯಾಗ ಕೊಟ್ಟು ಎದ್ದು ಹೋದ್ಲು. ಆ ಆಯಿ ಚೀಲದಾಗ ಇನ್ನೂ ನಾಲ್ಕೈದು ಕೊಂಬು ಇದ್ವು, ದಿನಾ ಒಬ್ರಿಗರ ಬೇಕಾಗತೈತಿ ಅಂತ ಮನಿಯಿಂದ ತರ್ತಾರಂತ. ಯಾರೂ ಅವರಿಗೆ ಹೇಳಿದ್ದಲ್ಲ, ರೊಕ್ಕಾನೂ ತಗೊಳ್ಳಿಲ್ಲ.

ನೀವು ಮನ್ಯಾಗ ಕಟ್ಕೊಂಡ ಹೋಗ್ರಿ. ದಾರದಾಗ ಜರಿ ಇರಬಾರ್ದು, ಬರೇ ಹತ್ತಿ ದಾರ.

ಸಾಗರದ ಸೊಸೆ:

ಅಣ್ಣ, ಇದನ್ನ ಓದಿ ಹೇಳಿದ ತಕ್ಷಣ ಅತ್ತೆ ಮುಖ ಸಡಿಲ ಆಯ್ತು. ಹೌದಲ್ಲ, ಹಿಂದೆ ತಾಳಿ ಸರ ತುಂಡಾದಾಗ ನಮ್ಮಮ್ಮನೂ ಹಂಗೇ ಮಾಡ್ತಿದ್ರು ಅಂದ್ರು. ಆ ಆಯಿಗೆ ನನ್ನ ಕಡೆಯಿಂದ ನಮಸ್ಕಾರ.

ಮೈಸೂರಿನ ಅಣ್ಣಂಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಇನ್ನು ಅವರಿಗಿರೋ ಭಯ ಒಂದೇ, ಆ ಇಕ್ಕಟ್ಟು.

ಕುಡ್ಲದವಳು:

ಇಕ್ಕಟ್ಟಿನ ವಿಷಯ ನನ್ನಲ್ಲಿ ಕೇಳಿ. ನನಗೆ ಲಿಫ್ಟಿನಲ್ಲಿ ಹೋಗ್ಲಿಕ್ಕೆ ಕೂಡ ಆಗುದಿಲ್ಲ ಮಾರಾಯ್ರೆ. ಕುತ್ತಿಗೆಯ ಎಂಆರ್‌ಐಗೆ ಹೋದಾಗ ಮುಖದ ಮೇಲೆ ಪಂಜರದ ಹಾಗೆ ಒಂದು ಇಟ್ರು, ಒಳಗೆ ಹೋಗಿ ಕಣ್ಣು ಬಿಟ್ಟೆ, ಮೂಗಿನಿಂದ ಒಂದು ಗೇಣು ದೂರ ಬಿಳಿ ಗೋಡೆ. ಬಲ್ಬ್ ಒತ್ತಿದೆ, ಹೊರಗೆ ತೆಗೆದ್ರು, ಅಳು ಬಂತು, ಮನೆಗೆ ವಾಪಸ್. ಆ ದಿನ ನನಗೆ ತುಂಬಾ ನಾಚಿಕೆ ಆಗಿತ್ತು, ಆದ್ರೆ ಅಲ್ಲಿಯ ಹುಡುಗ ಹೇಳಿದ, ಹೀಗೆ ಆಗುವವರು ವಾರಕ್ಕೆ ಮೂರು ನಾಲ್ಕು ಜನ ಇರ್ತಾರೆ ಅಂತ.

ಎರಡನೇ ಸಲ ಡಾಕ್ಟ್ರಿಗೆ ಮೊದಲೇ ಹೇಳಿದೆ, ಅವರು ಒಂದು ಸಣ್ಣ ಮಾತ್ರೆ ಬರೆದು ಕೊಟ್ರು, ಸ್ಕ್ಯಾನಿನ ಮೊದಲು ತೆಗೊಳ್ಳಲಿಕ್ಕೆ. ಅದನ್ನು ಡಾಕ್ಟ್ರು ಹೇಳದೆ ಮೆಡಿಕಲ್‌ನಿಂದ ತೆಗೊಂಡು ನುಂಗಬಾರದು, ನುಂಗಿದ ದಿನ ಸ್ಕೂಟರ್ ಬಿಡ್ಲಿಕ್ಕೂ ಇಲ್ಲ. ಮಾತ್ರೆಗಿಂತ ಜಾಸ್ತಿ ಸಹಾಯ ಆದದ್ದು ಒಳಗೆ ಹೋಗುವ ಮೊದಲೇ ಕಣ್ಣಿನ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡದ್ದು. ಗೋಡೆ ನೋಡಲೇ ಇಲ್ಲ ನಾನು. ಅಕ್ಕ ಕಾಲಿನ ಹತ್ತಿರ ಕೂತು ಪಾದ ಹಿಡ್ಕೊಂಡಿದ್ದಳು. ಟಕಟಕ ಶುರು ಆದ ಕೂಡಲೇ ಮನಸ್ಸಿನಲ್ಲಿ ವಿಷ್ಣು ಸಹಸ್ರನಾಮ, ನಿಧಾನ ಹೇಳಿದ್ರೆ ಅರ್ಧ ಗಂಟೆ ಉಂಟು ಅದು, ಫಲಶ್ರುತಿಗೆ ಬರುವಾಗ ಸ್ಕ್ಯಾನ್ ಮುಗಿದಿತ್ತು. ಬಾಯಿ ಮಾತ್ರ ಆಡಿಸಬಾರದು, ಕುತ್ತಿಗೆ ಅಲುಗಾಡ್ತದೆ.

ಕೋಲಾರದ ಅಣ್ಣ:

ನಂದೊಂದು ಪ್ರಶ್ನೆ. ಸಿಟಿ ಸ್ಕ್ಯಾನ್ ಐದು ನಿಮಿಷದಲ್ಲಿ ಮುಗೀತದೆ, ರೇಟೂ ಕಮ್ಮಿ, ಗುಹೆನೂ ಅಷ್ಟು ಉದ್ದ ಇಲ್ಲ. ಅದನ್ನೇ ಮಾಡಿಸಿದ್ರೆ ಆಗಲ್ವಾ? ಡಾಕ್ಟ್ರುಗಳು ಸುಮ್ನೆ ದೊಡ್ಡದನ್ನೇ ಬರೀತಾರೆ ಅಂತ ನಮ್ಮ ಕಡೆ ಎಲ್ಲಾರೂ ಹೇಳ್ತಾರೆ.

ಎಕ್ಸ್‌ರೇ ರೂಮ್ ಮೈಸೂರು:

ಅಣ್ಣ, ದೊಡ್ಡದು ಚಿಕ್ಕದು ಅಂತ ಅಲ್ಲ, ಎರಡೂ ಬೇರೆ ಬೇರೆ ಕಣ್ಣು. ಸಿಟಿ ಅಂದ್ರೆ ಎಕ್ಸ್‌ರೇನೇ, ಸುತ್ತಲೂ ತಿರುಗಿ ತೆಗ್ದು ಕಂಪ್ಯೂಟರ್ ಅದನ್ನ ಹೋಳು ಹೋಳಾಗಿ ತೋರಿಸತ್ತೆ. ಬಿದ್ದು ತಲೆಗೆ ಪೆಟ್ಟಾಗಿದ್ರೆ, ರಕ್ತ ಸೋರಿದ್ರೆ, ಮೂಳೆ ಮುರಿದಿದ್ರೆ, ಕಿಡ್ನಿ ಕಲ್ಲು, ಶ್ವಾಸಕೋಶ, ಇದಕ್ಕೆಲ್ಲ ಸಿಟಿನೇ ಮೊದಲು. ನರ, ಡಿಸ್ಕು, ಬೆನ್ನುಹುರಿ, ಮಂಡಿ ಒಳಗಿನ ಲಿಗಮೆಂಟ್, ಇದಕ್ಕೆ ಎಂಆರ್‌ಐ.

ಕಿರಣದ ಲೆಕ್ಕನೂ ಇದೆ. ಮೈಗೆ ತಾಗೋ ಕಿರಣವನ್ನ ಮಿಲಿಸೀವರ್ಟ್‌ನಲ್ಲಿ ಅಳೀತಾರೆ, ಎದೆ ಎಕ್ಸ್‌ರೇ ಒಂದಕ್ಕೆ ಸುಮಾರು 0.1, ತಲೆ ಸಿಟಿಗೆ 2ರ ಆಸುಪಾಸು, ಹೊಟ್ಟೆ ಸಿಟಿಗೆ 8 ರಿಂದ 10. ನಾವು ಏನೂ ಮಾಡಿಸದೆ ಸುಮ್ನೆ ಭೂಮಿ ಮೇಲೆ ಬದುಕಿದ್ರೂ ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4ರಷ್ಟು ಬರ್ತಾನೇ ಇರತ್ತೆ. ಹಾಗಾಗಿ ಬೇಕಾದಾಗ ಒಂದು ಸಿಟಿ ಮಾಡಿಸೋಕೆ ಹೆದರೋದು ತಪ್ಪು, ಹೊಟ್ಟೆನೋವು ಬಂದಾಗೆಲ್ಲ ನಾವೇ ಹೋಗಿ ಸಿಟಿ ಮಾಡಿ ಅನ್ನೋದೂ ತಪ್ಪು. ಮಕ್ಕಳಿಗಂತೂ ಇನ್ನೂ ಯೋಚನೆ ಮಾಡ್ಬೇಕು.

ಬೆಣ್ಣೆನಗರಿ:

ಎರಡು ಬೇರೆ ಕಣ್ಣು ಅಂದಿದ್ದು ಅಕ್ಷರಶಃ ನಿಜ. ನಮ್ಮ ತಂದೆಗೆ ಬೆಳಿಗ್ಗೆ ಆರಕ್ಕೆ ಮಾತು ತೊದಲಿ ಬಲಗೈ ಬಿದ್ದೋಯ್ತು. ಏಳಕ್ಕೆ ಆಸ್ಪತ್ರೇಲಿ ಇದ್ವಿ. ತಲೆ ಸಿಟಿ ಮಾಡಿ ನಾರ್ಮಲ್ ಇದೆ, ಇಂಜೆಕ್ಷನ್ ಕೊಡ್ತೀವಿ ಸೈನ್ ಹಾಕಿ ಅಂದ್ರು. ನಮ್ಮ ಚಿಕ್ಕಪ್ಪ ಗಲಾಟೆಗೆ ನಿಂತ್ರು, ಸ್ಕ್ಯಾನ್ ನಾರ್ಮಲ್ ಅಂತೀರ, ಮತ್ತೆ ಯಾಕ್ರೀ ಇಂಜೆಕ್ಷನ್, ಬೇರೆ ಕಡೆ ಕರ್ಕೊಂಡು ಹೋಗ್ತೀವಿ ಅಂತ. ಆ ಡ್ಯೂಟಿ ಡಾಕ್ಟರ್ ಹುಡುಗಿ ಪಾಪ ತಾಳ್ಮೆಯಿಂದ ಹೇಳಿದ್ಲು, ರಕ್ತನಾಳ ಕಟ್ಕೊಂಡಾಗ ಮೊದಲ ಕೆಲವು ಗಂಟೆ ಸಿಟಿಲಿ ಏನೂ ಕಾಣದೇ ಇರಬಹುದು, ನಾವು ಸಿಟಿ ಮಾಡಿದ್ದು ರಕ್ತಸ್ರಾವ ಇಲ್ಲ ಅಂತ ಖಾತ್ರಿ ಮಾಡ್ಕೊಳೋಕೆ, ರಕ್ತಸ್ರಾವ ಇದ್ದಾಗ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ರೆ ಜೀವಕ್ಕೇ ಅಪಾಯ, ಅದು ಇಲ್ಲ ಅಂತ ಗೊತ್ತಾಯ್ತಲ್ಲ ಅದಕ್ಕೇ ಈಗ ಕೊಡ್ಬೇಕು, ನಾಲ್ಕೂವರೆ ಗಂಟೆ ಒಳಗೇ ಕೊಡ್ಬೇಕು ಅಂತ. ಸೈನ್ ಹಾಕಿದೆ. ಮಾರನೇ ದಿನ ಎಂಆರ್‌ಐಲಿ ಆ ಜಾಗ ಬೆಳ್ಳಗೆ ಕಾಣ್ತು. ಈಗ ಅಪ್ಪ ತಾವೇ ಶರ್ಟ್ ಗುಂಡಿ ಹಾಕ್ಕೋತಾರೆ.

ನಾರ್ಮಲ್ ಅಂತ ಬಂದ್ರೆ ಏನೂ ಇಲ್ಲ ಅಂತ ಅರ್ಥ ಅಲ್ಲ, ಆ ಸ್ಕ್ಯಾನಿಗೆ ಕೇಳಿದ ಒಂದು ಪ್ರಶ್ನೆಗೆ ಮಾತ್ರ "ಇಲ್ಲ" ಅನ್ನೋ ಉತ್ತರ ಬಂತು, ಅಷ್ಟೆ. ಇದು ನನಗೆ ಅವತ್ತು ಗೊತ್ತಿದ್ದಿದ್ರೆ ಆ ಹತ್ತು ನಿಮಿಷ ಉಳೀತಿತ್ತು.

ಮಂಡ್ಯ ಮನೆಮಗಳು:

ಸ್ಕ್ಯಾನ್ ಚಿತ್ರ ಚೆನ್ನಾಗಿ ಕಾಣ್ಲಿ ಅಂತ ಹಾಕೋ ಕಾಂಟ್ರಾಸ್ಟ್ ಇಂಜೆಕ್ಷನ್ ಬಗ್ಗೆನೂ ಯಾರಾದ್ರೂ ಹೇಳ್ರಪ್ಪ. ನಂಗೆ ಹೊಟ್ಟೆ ಸಿಟಿ ಮಾಡುವಾಗ ಯಾರೂ ಒಂದು ಮಾತು ಮೊದಲೇ ಹೇಳ್ಲಿಲ್ಲ. ಔಷಧಿ ಒಳಗೆ ಹೋಗ್ತಿದ್ದಂಗೆ ಗಂಟಲಿಂದ ಬಿಸಿ ಶುರುವಾಗಿ ಸರ್ರಂತ ಕೆಳಗಿಳಿದು, ಬಾಯಲ್ಲಿ ತುಕ್ಕು ಹಿಡಿದ ಚಮಚ ನೆಕ್ಕಿದಂಗೆ ರುಚಿ, ಆಮೇಲೆ ಬಟ್ಟೇಲೇ ಮೂತ್ರ ಆಗೋಯ್ತು ಅನ್ನಿಸ್ತು. ನಾಚಿಕೆಗೆ ಕಣ್ಣು ಮುಚ್ಕೊಂಡು ಮಲಗಿದ್ದೆ. ಎದ್ದು ನೋಡಿದ್ರೆ ಏನೂ ಆಗಿಲ್ಲ. ಎಲ್ಲರಿಗೂ ಹಂಗೇ ಅನ್ನಿಸ್ತದೆ ಅಂತ ಆಮೇಲೆ ಹೇಳಿದ್ರು. ಇನ್ನೊಂದು, ನಮ್ಮಪ್ಪಂಗೆ ಶುಗರ್ ಇದೆ, ಕಿಡ್ನಿನೂ ಸ್ವಲ್ಪ ವೀಕು. ಅವರಿಗೆ ಒಂದು ಕಡೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡೋ ರಕ್ತಪರೀಕ್ಷೆ) ಕೇಳದೇ ಇಂಜೆಕ್ಷನ್ ಹಾಕೋಕೆ ಬಂದಿದ್ರು, ನಾನೇ ತಡೆದು ಫೈಲ್ ತೋರಿಸಿದ್ಮೇಲೆ ನಿಲ್ಲಿಸಿದ್ರು. ಅವತ್ತು ನಾನು ಟೀ ಕುಡಿಯೋಕೆ ಹೋಗಿದ್ದಿದ್ರೆ?

ಎಕ್ಸ್‌ರೇ ರೂಮ್ ಮೈಸೂರು:

ನೀವು ತಡೆದಿದ್ದು ಒಳ್ಳೇದಾಯ್ತು. ಸಿಟಿಗೆ ಹಾಕೋದು ಅಯೋಡಿನ್ ಇರೋ ಔಷಧಿ, ರಕ್ತನಾಳ, ಗಡ್ಡೆ ಎದ್ದು ಕಾಣ್ಲಿ ಅಂತ. ಕಿಡ್ನಿ ಮೂಲಕ ಹೊರಗೆ ಹೋಗತ್ತೆ, ಅದಕ್ಕೇ ಮೊದಲೇ ಕ್ರಿಯಾಟಿನಿನ್ ನೋಡ್ತೀವಿ, ನಾಲ್ಕು ಗಂಟೆ ಏನೂ ತಿನ್ಬೇಡಿ ಅಂತ ಸುಮಾರು ಕಡೆ ಹೇಳ್ತೀವಿ, ಆಮೇಲೆ ಚೆನ್ನಾಗಿ ನೀರು ಕುಡೀರಿ ಅಂತೀವಿ. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳೋರು ಅದನ್ನೂ ಹೇಳ್ಬೇಕು, ಕಿಡ್ನಿ ಕೆಲಸ ತುಂಬ ಕಮ್ಮಿ ಇದ್ರೆ 48 ಗಂಟೆ ನಿಲ್ಲಿಸೋಕೆ ಡಾಕ್ಟ್ರು ಹೇಳ್ತಾರೆ, ನೀವಾಗೇ ನಿಲ್ಲಿಸಬೇಡಿ. ಹಿಂದೆ ಯಾವಾಗಾದ್ರೂ ಈ ಇಂಜೆಕ್ಷನ್‌ಗೆ ಮೈಯೆಲ್ಲ ದದ್ದು ಬಂದಿದ್ರೆ, ಉಸಿರು ಕಟ್ಟಿದ್ರೆ, ಆಸ್ತಮಾ ಇದ್ರೆ ಕೇಳದಿದ್ರೂ ನೀವೇ ಬಾಯಿ ಬಿಟ್ಟು ಹೇಳಿ. ಇಂಜೆಕ್ಷನ್ ಹೋಗೋವಾಗ ಕೈ ಊದ್ಕೊಂಡು ಉರಿ ಬಂದ್ರೂ ಹೇಳಿ, ಸೂಜಿ ರಕ್ತನಾಳದಿಂದ ಆಚೆ ಬಂದಿರಬಹುದು. ಎಂಆರ್‌ಐಗೆ ಹಾಕೋದು ಬೇರೆ, ಗ್ಯಾಡೋಲಿನಿಯಂ ಅಂತ, ಅದಕ್ಕೆ ಈ ಬಿಸಿ ಅಷ್ಟಾಗಿ ಬರಲ್ಲ, ಕಿಡ್ನಿ ಪೂರ್ತಿ ಹಾಳಾದೋರಿಗೆ ಅದ್ರಲ್ಲೂ ಹುಷಾರು ಬೇಕು.

ಪೀಣ್ಯ ಲೇತ್:

ಒಂದು ವಿಷಯ ಯಾರೂ ಹೇಳಿಲ್ಲ, ನಮ್ಮಂಥ ಕೆಲಸದವರಿಗೆ ಮುಖ್ಯ. ನಾನು ಇಪ್ಪತ್ತು ವರ್ಷ ಲೇತು ಗ್ರೈಂಡಿಂಗು ಮಾಡಿದೋನು. ಎಂಆರ್‌ಐ ಫಾರಂನಲ್ಲಿ ಕಣ್ಣಿಗೆ ಯಾವಾಗಾದ್ರೂ ಕಬ್ಬಿಣದ ಚೂರು ಬಿದ್ದಿತ್ತಾ ಅಂತ ಒಂದು ಪ್ರಶ್ನೆ ಇತ್ತು, ನಾನು ಇಲ್ಲ ಅಂತ ಟಿಕ್ ಹಾಕಿದೆ, ಬೇಗ ಮುಗೀಲಿ ಅಂತ. ಟೆಕ್ನಿಷಿಯನ್ ನನ್ನ ಕೈ ನೋಡಿ ಏನ್ ಕೆಲಸ ಸಾರ್ ಅಂದ್ರು. ಹೇಳಿದೆ. ಸ್ಕ್ಯಾನ್ ನಿಲ್ಲಿಸಿ ಮೊದಲು ಕಣ್ಣಿಗೆ ಎಕ್ಸ್‌ರೇ ತೆಗೆಸಿದ್ರು. ಎಡಗಣ್ಣಲ್ಲಿ ಅಕ್ಕಿ ನುಚ್ಚಿಗಿಂತ ಸಣ್ಣ ಬಿಳಿ ಚುಕ್ಕಿ. ನಂಗೆ ಅದು ಇದೆ ಅಂತಾನೇ ಗೊತ್ತಿರಲಿಲ್ಲ. ಅಯಸ್ಕಾಂತದ ಒಳಗೆ ಅದು ಅಲ್ಲಾಡಿದ್ರೆ ಕಣ್ಣು ಹೋಗ್ತಿತ್ತು ಅಂದ್ರು. ಫಾರಂ ಓದಿ ತುಂಬಿ. ವೆಲ್ಡಿಂಗ್, ಗ್ರೈಂಡಿಂಗ್ ಮಾಡೋರ ಮನೆಯವರು ಖಂಡಿತ ಇದನ್ನ ನೆನಪಿಟ್ಕೊಳಿ.

ಗರ್ಭಿಣಿ ಗೆಳತಿ:

ನಂದು ಸ್ಕ್ಯಾನೇ ಬೇರೆ, ಅಲ್ಟ್ರಾಸೌಂಡ್. ಐದನೇ ತಿಂಗಳ ಸ್ಕ್ಯಾನಿಗೆ ಹೋದಾಗ ಆಧಾರ್ ಕೇಳಿ ಫಾರಂ ತುಂಬಿಸಿ ಸಹಿ ತಗೊಂಡ್ರು, ಯಾಕೆ ಅಂತ ಗೊತ್ತಿಲ್ಲದೆ ಗಾಬರಿ ಆಗಿತ್ತು. ಹೊಟ್ಟೆ ತುಂಬ ನೀರು ಕುಡೀಬೇಕು ಅಂತ ಒಬ್ರು, ಬೇಡ ಅಂತ ಒಬ್ರು.

ಎಕ್ಸ್‌ರೇ ರೂಮ್ ಮೈಸೂರು:

ಅದು ಎಫ್ ಫಾರಂ ತಂಗಿ. 1994ರ ಕಾಯ್ದೆ ಪ್ರಕಾರ ಪ್ರತಿ ಗರ್ಭಿಣಿ ಸ್ಕ್ಯಾನಿಗೂ ತುಂಬಿಸಲೇಬೇಕು, ಭ್ರೂಣಲಿಂಗ ಪತ್ತೆ ತಡೆಯೋಕೆ. ಗಂಡಾ ಹೆಣ್ಣಾ ಅಂತ ಕೇಳೋದೂ ಹೇಳೋದೂ ಎರಡೂ ಅಪರಾಧ. ಅಲ್ಟ್ರಾಸೌಂಡ್ ಬರೀ ಶಬ್ದದ ಅಲೆ, ಕಿರಣ ಇಲ್ಲ. ಮೊದಲ ತಿಂಗಳುಗಳಲ್ಲಿ, ಇಲ್ಲ ಗರ್ಭಕೋಶ ನೋಡೋದಿದ್ರೆ ಮೂತ್ರಚೀಲ ತುಂಬಿರಬೇಕು, ಐದನೇ ತಿಂಗಳಿಗೆ ಸಾಮಾನ್ಯವಾಗಿ ಅಷ್ಟು ಬೇಡ. ಪಿತ್ತಕೋಶ ನೋಡೋಕೆ ಉಲ್ಟಾ, ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆ, ತಿಂದ್ರೆ ಪಿತ್ತಕೋಶ ಕುಗ್ಗಿ ಕಲ್ಲು ಕಾಣಲ್ಲ.

ಕೆಂಗೇರಿ ಕಡೆಯವ:

ಅಪ್ಪಂಗೆ ಪೆಟ್ ಸಿಟಿ (ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ನೋಡೋ ಸ್ಕ್ಯಾನ್) ಮಾಡಿಸಿದ ಅನುಭವ ಬರೀತೀನಿ, ಕ್ಯಾನ್ಸರ್ ಅಂತ ಗೊತ್ತಾದ ವಾರ ಅದು, ಬರೆಯೋಕೂ ಸ್ವಲ್ಪ ಕಷ್ಟ. ಆರು ಗಂಟೆ ಖಾಲಿ ಹೊಟ್ಟೆ, ನೀರು ಮಾತ್ರ. ಶುಗರ್ ಜಾಸ್ತಿ ಇದ್ರೆ ವಾಪಸ್ ಕಳಿಸ್ತಾರೆ, ಯಾಕಂದ್ರೆ ಕೊಡೋ ಔಷಧಿನೇ ಸಕ್ಕರೆ ತರದ್ದು, ಅದಕ್ಕೆ ವಿಕಿರಣದ ಫ್ಲೋರಿನ್ ಸೇರಿಸಿರ್ತಾರೆ, ಕ್ಯಾನ್ಸರ್ ಜೀವಕೋಶಗಳು ಸಕ್ಕರೆ ಜಾಸ್ತಿ ತಿಂತಾವೆ, ಅಲ್ಲಿ ಹೊಳೆಯತ್ತೆ. ಇಂಜೆಕ್ಷನ್ ಆದ್ಮೇಲೆ ಒಂದು ಗಂಟೆ ಒಬ್ರೇ ರೂಮಲ್ಲಿ ಸುಮ್ನೆ ಮಲಗಿರಬೇಕು, ಮಾತಾಡೋದು, ಫೋನು ಬೇಡ. ನನ್ನನ್ನ ಹೊರಗೆ ಕೂರಿಸಿದ್ರು. ಬಾಗಿಲಲ್ಲಿ ವಿಕಿರಣದ ಹಳದಿ ಬೋರ್ಡ್ ಬೇರೆ, ಅಪ್ಪ ಒಳಗಡೆ ಒಬ್ರೇ, ಆ ಒಂದು ಗಂಟೆ ನನ್ನ ಕೈಲಿ ತಡ್ಕೊಳೋಕೆ ಆಗ್ಲಿಲ್ಲ.

ಆ ಔಷಧಿಯ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧ ಆಗತ್ತೆ, ಮೂತ್ರದಲ್ಲೂ ಹೋಗತ್ತೆ. ಸಂಜೆ ತನಕ ಮಕ್ಕಳು, ಗರ್ಭಿಣಿಯರಿಂದ ದೂರ ಇರಿ ಅಂದಿದ್ರು. ನನ್ನ ಮಗಳಿಗೆ ಮೂರು ವರ್ಷ, ತಾತ ಬಂದ್ರು ಅಂತ ಓಡಿ ಬಂದ್ಲು, ಅಪ್ಪ ಗೇಟಿನ ಹೊರಗೇ ನಿಂತು ಸಂಜೆಗೆ ಬರ್ತೀನಿ ಪುಟ್ಟಾ ಅಂತ ಹಿಂದೆ ಸರಿದ್ರು. ಪಕ್ಕದ ಮನೆ ಜಗುಲಿ ಮೇಲೆ ಕೂತಿದ್ರು ಕತ್ತಲಾಗೋ ತನಕ.

ಮುಖ್ಯವಾಗಿ ಹೇಳಬೇಕಾದ್ದು ಇದು. ಫಿಲ್ಮ್ ಕೈಗೆ ಬಂದ ರಾತ್ರಿ ನಾನೇ ಬೆಳಕಿಗೆ ಹಿಡಿದು ನೋಡ್ದೆ. ಔಷಧಿ ಸೇರಿದ ಜಾಗ ಆ ಫಿಲ್ಮ್‌ನಲ್ಲಿ ಕಪ್ಪಾಗಿ ಕಾಣತ್ತೆ. ಮಿದುಳು ಪೂರ್ತಿ ಕಪ್ಪು, ಹೃದಯದಲ್ಲಿ ಕಪ್ಪು, ಕೆಳಗೆ ಮೂತ್ರಚೀಲ ಕಪ್ಪು. ಎಲ್ಲ ಕಡೆ ಹರಡಿದೆ ಅನ್ಕೊಂಡು ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಅತ್ತುಬಿಟ್ಟೆ. ಮಾರನೇ ದಿನ ಡಾಕ್ಟ್ರು ಹೇಳಿದ್ರು, ಮಿದುಳು ಸಕ್ಕರೆ ಮೇಲೇ ಬದುಕೋದು, ಹೃದಯನೂ ತಿನ್ನತ್ತೆ, ಮೂತ್ರಚೀಲದಲ್ಲಿ ಔಷಧಿ ಹೊರಗೆ ಹೋಗ್ತಿರತ್ತೆ, ಇದೆಲ್ಲ ಎಲ್ಲರಿಗೂ ಕಾಣೋದೇ ಅಂತ. ಅಪ್ಪಂಗೆ ಇದ್ದಿದ್ದು ಒಂದೇ ಕಡೆ. ದಯವಿಟ್ಟು ರಾತ್ರಿ ಒಬ್ಬೊಬ್ರೇ ಫಿಲ್ಮ್ ನೋಡ್ಬೇಡಿ.

ಸಾಗರದ ಸೊಸೆ:

ಕೆಂಗೇರಿ ಅಣ್ಣ, ಓದಿ ಕಣ್ಣು ತುಂಬ್ತು. ಅಪ್ಪ ಈಗ ಹೇಗಿದಾರೆ?

ನಮ್ಮದು ಆಯ್ತು. ಬೆಳಿಗ್ಗೆ ಮಾವನೇ ಅರಿಶಿನ ದಾರ ಮಾಡಿಕೊಟ್ರು, ಅತ್ತೆ ದೇವರ ಮುಂದೆ ಕಟ್ಕೊಂಡು ತಾಳಿ ತೆಗ್ದು ಕುಂಕುಮದ ಭರಣಿ ಪಕ್ಕ ಇಟ್ರು. ನಾನು ಪಿನ್ನು ಹುಡುಕಿ ಹುಡುಕಿ ತೆಗ್ದೆ, ಸೆರಗಲ್ಲಿ ಮೂರು, ನೆರಿಗೇಲಿ ಒಂದು, ತಲೇಲಿ ಐದು. ಅಲ್ಲಿ ಗೌನ್ ಕೊಟ್ರು ಹೇಗಿದ್ರೂ. ಬಟ್ಟೆ ಕಣ್ಣಿಗೆ ಕಟ್ಟಿ, ನಾನು ಪಾದ ಹಿಡ್ಕೊಂಡು ಕೂತಿದ್ದೆ. 25 ನಿಮಿಷ. ಹೊರಗೆ ಬಂದು ಅತ್ತೆ ಮೊದಲು ಹೇಳಿದ್ದು, ಭತ್ತದ ಮಿಲ್ಲಿನೊಳಗೆ ಮಲಗಿದಂಗಿತ್ತು ಕಣೆ, ಆದ್ರೆ ತಣ್ಣಗಿತ್ತು ಅಂತ.

ಈಗ ಭಯ ಶುರುವಾಗಿರೋದು ರಿಪೋರ್ಟ್ ನೋಡಿ. ಎಲ್4-ಎಲ್5ರಲ್ಲಿ ಡಿಸ್ಕ್ ಬಲ್ಜ್, ಎಡಗಡೆ ನರ ಒತ್ತಿದೆ ಅಂತಿದೆ. ಎಲ್5-ಎಸ್1ರಲ್ಲೂ ಬಲ್ಜ್, ಬಲಕ್ಕೆ. ಎಲ್ಲ ಡಿಸ್ಕ್ ಡಿಜೆನರೇಟಿವ್ ಅಂತೆ. ಬಲ ಕಿಡ್ನಿಲಿ ಸಿಂಪಲ್ ಸಿಸ್ಟ್ ಬೇರೆ. ಕೊನೇಲಿ ಸಜೆಸ್ಟೆಡ್ ಕ್ಲಿನಿಕಲ್ ಕೋರಿಲೇಶನ್. ನಮ್ಮನೆಯವರು ಗೂಗಲ್ ಮಾಡಿ ಆಪರೇಷನ್ ಆಗಲೇಬೇಕು ಅಂತಿದಾರೆ. ಡಾಕ್ಟ್ರು ಸೋಮವಾರ ಸಿಗ್ತಾರೆ.

ಕೆಂಗೇರಿ ಕಡೆಯವ:

ಅಪ್ಪಂಗೆ ಟ್ರೀಟ್‌ಮೆಂಟ್ ನಡೀತಿದೆ ಅಕ್ಕ, ಬೆಳಿಗ್ಗೆ ವಾಕಿಂಗ್ ಹೋಗ್ತಾರೆ ಮೊಮ್ಮಗಳ ಜೊತೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ಫಿಸಿಯೋ ಹಾಸನ:

ಸೋಮವಾರದ ತನಕ ನಿದ್ದೆ ಕೆಡಿಸ್ಕೊಳೋ ಅಗತ್ಯ ಇಲ್ಲ ಅಂತ ಅನ್ಸತ್ತೆ. ನಾನು ದಿನಾ ಇಂಥ ರಿಪೋರ್ಟ್ ಹಿಡ್ಕೊಂಡು ಬರೋರನ್ನ ನೋಡ್ತೀನಿ. ಎಲ್4, ಎಲ್5, ಎಸ್1 ಅನ್ನೋದು ಬೆನ್ನಿನ ಕೆಳಭಾಗದ ಮೂಳೆಗಳ ನಂಬರು, ಬಲ್ಜ್ ಅಂದ್ರೆ ಅವುಗಳ ಮಧ್ಯದ ಡಿಸ್ಕ್ ಸ್ವಲ್ಪ ಉಬ್ಬಿರೋದು. ಡಿಜೆನರೇಟಿವ್ ಅನ್ನೋ ಪದ ಕೇಳೋಕೆ ಕೊಳೆತುಹೋಗಿದೆ ಅನ್ನೋ ಹಂಗಿದೆ, ಆದ್ರೆ ಅದು ಕೂದಲು ನೆರೆತ ಹಾಗೆ, ವಯಸ್ಸಿನದ್ದು. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನ ಒಟ್ಟುಹಾಕಿ 2015ರಲ್ಲಿ ಒಂದು ದೊಡ್ಡ ಪರಿಶೀಲನೆ ಬಂತು, 20 ವರ್ಷದವರಲ್ಲೇ ನೂರಕ್ಕೆ 30 ಜನಕ್ಕೆ ಡಿಸ್ಕ್ ಬಲ್ಜ್ ಇತ್ತು, 80ರವರಲ್ಲಿ 84 ಜನಕ್ಕೆ. ನೋವಿಲ್ಲದೇ ಇರೋರಲ್ಲಿ, ಗಮನಿಸಿ.

ಇನ್ನು ಆ ಕೊನೇ ಸಾಲು. ರೇಡಿಯಾಲಜಿಸ್ಟ್ ನಿಮ್ಮತ್ತೆ ಕಾಲನ್ನ ಮುಟ್ಟಿ ನೋಡಿಲ್ಲ, ಚಿತ್ರ ಮಾತ್ರ ನೋಡಿದಾರೆ. ಚಿತ್ರದಲ್ಲಿ ಕಂಡಿದ್ದು ಪೇಷಂಟ್ ಹೇಳೋ ನೋವಿಗೆ ಹೊಂದತ್ತಾ ನೋಡಿ ಅಂತ ನಿಮ್ಮ ಡಾಕ್ಟ್ರಿಗೆ ಬರೆದಿರೋದು ಅದು. ನೀವು ಮೊದಲ ದಿನ ಬರೆದಿದ್ದನ್ನ ಮತ್ತೆ ಓದಿದೆ: ಎಡಗಾಲು, ಹೊರಭಾಗ, ಹೆಬ್ಬೆರಳು. ಎಲ್4-ಎಲ್5ರಲ್ಲಿ ಎಡಗಡೆ ಸಾಮಾನ್ಯವಾಗಿ ಒತ್ತೋದು ಎಲ್5 ನರವನ್ನ, ಅದು ಹೋಗೋ ದಾರಿನೇ ಅದು. ಹೊಂದತ್ತೆ. ಬಲಗಡೆ ಬಲ್ಜ್ ಇದ್ರೂ ಬಲಗಾಲಲ್ಲಿ ಅವರಿಗೆ ಏನೂ ಇಲ್ಲ, ಅದು ಸದ್ಯಕ್ಕೆ ಕಾಗದದ ಮೇಲೆ ಮಾತ್ರ. ಇಂಥ ನರ ನೋವು ಬಹಳಷ್ಟು ಜನರಿಗೆ ಆಪರೇಷನ್ ಇಲ್ಲದೇ ಕಮ್ಮಿ ಆಗತ್ತೆ. ಸಿಂಪಲ್ ಸಿಸ್ಟ್ ಅಂದ್ರೆ ನೀರುಗುಳ್ಳೆ, ವಯಸ್ಸಾದೋರಲ್ಲಿ ಸಾಮಾನ್ಯ, ಡಾಕ್ಟ್ರಿಗೆ ತೋರಿಸಿ.

ಆದ್ರೆ ಮೂತ್ರ ಬಂದಿದ್ದು ಗೊತ್ತಾಗದೇ ಇರೋದು ಅಥವಾ ಕಟ್ಕೊಳೋದು, ಕೂರೋ ಜಾಗ ಮರಗಟ್ಟೋದು, ಪಾದ ಎತ್ತೋಕೆ ಆಗದೆ ಚಪ್ಪಲಿ ಜಾರೋದು, ಇದ್ರಲ್ಲಿ ಒಂದಾದ್ರೂ ಶುರುವಾದ್ರೆ ಸೋಮವಾರಕ್ಕೆ ಕಾಯ್ಬೇಡಿ, ಆ ರಾತ್ರಿನೇ ಎಮರ್ಜೆನ್ಸಿಗೆ ಹೋಗಿ.

ಸಾಗರದ ಸೊಸೆ:

ಆ ಮೂರೂ ಇಲ್ಲ, ಈಗಲೇ ಕೇಳಿದೆ. ನಮ್ಮನೆಯವರಿಗೂ ನಿಮ್ಮ ಮೆಸೇಜ್ ಓದಿಸಿದೆ.

ಸಾಗರದ ಸೊಸೆ:

ಸೋಮವಾರ ತೋರಿಸ್ಕೊಂಡು ಬಂದ್ವಿ. ಡಾಕ್ಟ್ರು ಫಿಲ್ಮ್ ನೋಡಿದ್ದು ಎರಡು ನಿಮಿಷ, ಅತ್ತೆನ ನೋಡಿದ್ದು ಹದಿನೈದು ನಿಮಿಷ. ಮಲಗಿಸಿ ಕಾಲು ನೇರ ಎತ್ತಿಸಿದ್ರು, ಹೆಬ್ಬೆರಳನ್ನ ಮೇಲೆ ಮಾಡಿ ಅಂತ ತಮ್ಮ ಬೆರಳಿಂದ ಒತ್ತಿ ಹಿಡಿದು ಎರಡೂ ಕಡೆ ಶಕ್ತಿ ನೋಡಿದ್ರು, ಸುತ್ತಿಗೆಲಿ ಮಂಡಿ ತಟ್ಟಿದ್ರು, ಹತ್ತಿಲಿ ಪಾದ ಸವರಿದ್ರು. ಶಕ್ತಿ ಚೆನ್ನಾಗಿದೆ, ಈಗ ಆಪರೇಷನ್ ಮಾತೇ ಬೇಡ, ಆರು ವಾರ ಮಾತ್ರೆ, ವ್ಯಾಯಾಮ, ಆಮೇಲೆ ನೋಡೋಣ ಅಂದ್ರು. ಕಿಡ್ನಿ ಗುಳ್ಳೆ ಬಗ್ಗೆ ಏನೂ ಮಾಡೋದು ಬೇಡ ಅಂದ್ರು. ಅತ್ತೆ ಬರೋವಾಗ ದಾರೀಲಿ ಮಸಾಲೆ ದೋಸೆ ತಿಂದ್ರು, ಹತ್ತು ದಿನಕ್ಕೆ ಇದೇ ಮೊದಲು ಹೊಟ್ಟೆ ತುಂಬ ತಿಂದಿದ್ದು.

ಇನ್ನೊಂದು ಕೇಳಬೇಕಿತ್ತು. ಆ ಗುಹೆ ಕಥೆ ಹೇಳಿದ್ದ ಪಕ್ಕದ ಮನೆ ಅಜ್ಜಿಗೇ ಈಗ ತಲೆ ಎಂಆರ್‌ಐ ಬರ್ದಿದಾರೆ, ಅತ್ತೆ ನಿನ್ನೆಯಿಂದ ಅವರ ಮನೇಲಿ ಕೂತು ಪಿನ್ನು, ದಾರ ಎಲ್ಲ ಹೇಳ್ಕೊಡ್ತಿದಾರೆ. ಆದ್ರೆ ಅಜ್ಜಿಗೆ ಎದೇಲಿ ಪೇಸ್‌ಮೇಕರ್ ಇದೆಯಂತೆ, ಚೀಟಿ ಬರೆದ ಡಾಕ್ಟ್ರಿಗೆ ಅದನ್ನ ಹೇಳೇ ಇಲ್ವಂತೆ.

ಎಕ್ಸ್‌ರೇ ರೂಮ್ ಮೈಸೂರು:

ಹೇಳದೇ ಹೋಗೋದೇ ಬೇಡ. ಇವತ್ತೇ ಆ ಡಾಕ್ಟ್ರಿಗೆ ಫೋನ್ ಮಾಡ್ಸಿ, ಸ್ಕ್ಯಾನ್ ಸೆಂಟರ್‌ಗೂ ಹೇಳ್ಸಿ. ಹೊಸ ಪೇಸ್‌ಮೇಕರ್‌ಗಳಲ್ಲಿ ಎಂಆರ್‌ಐ ಮಾಡಬಹುದಾದಂಥವು ಇವೆ, ಹಳೇದ್ರಲ್ಲಿ ಸುಮಾರು ಆಗಲ್ಲ. ಮಾಡಬಹುದಾದ್ರೂ ಮೊದಲೇ ಹೃದಯದ ಡಾಕ್ಟ್ರ ಕಡೆ ಹೋಗಿ ಅದರ ಸೆಟ್ಟಿಂಗ್ ಬದಲಾಯಿಸಿ, ಸ್ಕ್ಯಾನ್ ಪೂರ್ತಿ ಹಾರ್ಟ್‌ಬೀಟ್ ನೋಡ್ತಾ ಇದ್ದು, ಆಮೇಲೆ ವಾಪಸ್ ಮೊದಲಿನ ಸೆಟ್ಟಿಂಗ್‌ಗೆ ತರಬೇಕು. ಹಾಕಿಸಿದಾಗ ಪರ್ಸಿನಲ್ಲಿ ಇಡೋ ಹಂಗೆ ಒಂದು ಚಿಕ್ಕ ಕಾರ್ಡ್ ಕೊಟ್ಟಿರ್ತಾರೆ, ಕಂಪನಿ ಹೆಸರು ಮಾಡೆಲ್ ನಂಬರ್ ಅದ್ರಲ್ಲಿರತ್ತೆ, ಅದನ್ನ ಹುಡುಕಿ. ಸಿಟಿಲೇ ಆಗತ್ತಾ ಅಂತನೂ ಕೇಳ್ಸಿ, ಸಿಟಿಗೆ ಪೇಸ್‌ಮೇಕರ್ ಇದ್ರೂ ತೊಂದ್ರೆ ಇಲ್ಲ.

ಸಾಗರದ ಸೊಸೆ:

ಕಾರ್ಡ್ ಸಿಕ್ತು ಅಣ್ಣ, ಅಜ್ಜಿ ರೇಷನ್ ಕಾರ್ಡ್ ಜೊತೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಟ್ಟಿದ್ರು. ಅವರ ಮಗ ಡಾಕ್ಟ್ರಿಗೆ ಫೋನ್ ಮಾಡ್ತಿದಾನೆ ಈಗ.